ಮಹಡಿಯಿಲ್ಲದ ಮೆಟ್ಟಿಲು ಕೇಳಿದವರು

‘ಒದ್ದೆ ಬೆಂಕಿಪಟ್ಟಣ’ ಬ್ಯಾಂಡಿನ ಹೊಸ ಆಲ್ಬಮ್ ಬಗ್ಗೆ ಮೊದಲ ಅಭಿಪ್ರಾಯ ಬರೆಸಿದವರು ಪೋಸ್ಟ್ ಮಾಸ್ಟರ್ ವಿರೂಪಾಕ್ಷಯ್ಯ. ಕೇಳುವ ಕೋಣೆಯಿಂದ ಹೊರಗೆ ಬಂದು, ನನ್ನ ಮೇಜಿನ ಮುಂದೆ ಕೂತು, ಕನ್ನಡಕ ಒರೆಸಿಕೊಂಡು, “ಎಂಟು ಹಾಡು. ಎಂಟರಲ್ಲೂ ಒಬ್ಬಳು ಯಾರನ್ನೋ ಬಾಗಿಲಲ್ಲೇ ನಿಲ್ಲಿಸಿಕೊಂಡು ಮಾತಾಡಿಸ್ತಾಳೆ. ಒಳಗೆ ಮಾತ್ರ ಕರೆಯಲ್ಲ. ನನಗೆ ಬಹಳ ಬೇಜಾರಾಯ್ತು, ಬರ್ಕೊಳ್ಳಿ” ಎಂದರು. ಬರೆದುಕೊಂಡೆ. ಎರಡನೆಯವರು ಬಳೆ ಅಂಗಡಿಯ ಸಕೀನಾಬಿ. “ಏಳು ಹಾಡು. ಎಲ್ಲಾ ಬಸ್ಸಿಂದು. ಟಿಕೆಟ್ ಕಳಕೊಂಡವಳೊಬ್ಬಳು ಎಲ್ಲರ ಜೇಬೂ ನೋಡ್ತಾಳೆ. ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡೆ” ಎಂದರು. ಅದನ್ನೂ ಬರೆದುಕೊಂಡೆ. ಮೂರನೆಯವರು ಹಲ್ಲಿನ ಡಾಕ್ಟರ್ ಅರವಿಂದಾಕ್ಷ. “ಅದರಲ್ಲಿ ಮಾತೇ ಇಲ್ಲವಲ್ರೀ. ಗಿಟಾರು ಇದೆ, ಡ್ರಮ್ ಇದೆ, ಹಿಂದೆ ಯಾರೋ ಉಸಿರಾಡ್ತಾರೆ. ಎಷ್ಟು ಹಾಡು ಅಂತ ಹೇಗೆ ಹೇಳಲಿ, ನಡುವೆ ನಿಂತರೆ ತಾನೆ?” ಎಂದು ನನ್ನನ್ನೇ ಕೇಳಿದರು. ಆಗ ನಾನು ಪೆನ್ನು ಕೆಳಗಿಟ್ಟೆ.

ನಮ್ಮೂರಲ್ಲಿ ಒಂದು ಹಾಡನ್ನು ಒಬ್ಬರು ಒಂದೇ ಸಲ ಕೇಳಬಹುದು. ಎರಡನೇ ಸಲ ಅದೇ ಹಾಡು ಬಂದರೆ ಸೂಜಿ ಗ್ರಾಮಫೋನ್ ತಟ್ಟೆಯ ಮೇಲೆ ಸರಿಯುವ ಸದ್ದು ಬಿಟ್ಟು ಬೇರೇನೂ ಕಿವಿಗೆ ಬೀಳುವುದಿಲ್ಲ. ಎದುರಿಗೆ ನಿಂತು ಹಾಡಿದರೂ ಅಷ್ಟೇ, ಬಾಯಿ ಆಡುವುದು ಕಾಣುತ್ತದೆ. ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ತಾಯಂದಿರು ದಿನಕ್ಕೊಂದು ಜೋಗುಳ ಕಟ್ಟುತ್ತಾರೆ, ಕಟ್ಟಲು ಬಾರದವರು ಪಕ್ಕದ ಮನೆಯಿಂದ ಬರೆಸಿಕೊಂಡು ಬರುತ್ತಾರೆ. ಮದುವೆಗೆ ಹೋದವರು ವಾಲಗ ಶುರುವಾಗುವ ಮೊದಲೇ ಕೆಮ್ಮುವುದು, ಮೂಗು ಸೀಟುವುದು ಎಲ್ಲ ಮುಗಿಸಿಕೊಳ್ಳುತ್ತಾರೆ. ನಮ್ಮ ಅತ್ತೆಯವರು ಒಂದು ಹಾಡನ್ನು ಒಳ್ಳೆಯ ದಿನ ಬರಲಿ ಎಂದು ಇಪ್ಪತ್ತೆರಡು ವರ್ಷ ಕೇಳದೆ ಮುಂದೂಡಿದ್ದರು. ಕೊನೆಗೆ ಒಂದು ಮಧ್ಯಾಹ್ನ ಸಂತೆಯಿಂದ ಬರುವಾಗ ಬದನೆಕಾಯಿ ಚೀಲ ಹಿಡಿದುಕೊಂಡೇ ಕೇಳುವ ಕೋಣೆಗೆ ಬಂದು ಕೇಳಿ ಹೋದರು. ಯಾಕೆ ಅವತ್ತೇ ಎಂದು ಕೇಳಿದರೆ, ಕಾಲು ನೋಯ್ತಿತ್ತು, ಕೂರೋಕೆ ಜಾಗ ಬೇಕಿತ್ತು ಎಂದರು.

ನಾನು ಊರಿನ ಶ್ರವಣಾಲಯದಲ್ಲಿ ಅಭಿಪ್ರಾಯ ಗುಮಾಸ್ತ. ಹೆಸರು ರುದ್ರಮುನಿ, ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ಹೊಸ ಆಲ್ಬಮ್ ಬಂದರೆ ಅದರ ಒಂದೇ ಒಂದು ತಟ್ಟೆ ನಮ್ಮಲ್ಲಿರುತ್ತದೆ. ಮೂರು ತಿಂಗಳು ಜನ ಬಂದು ಕೇಳುತ್ತಾರೆ, ಹೊರಗೆ ಬಂದು ನನ್ನ ಬಳಿ ಅಭಿಪ್ರಾಯ ಬರೆಸುತ್ತಾರೆ. ಎಲ್ಲರದ್ದೂ ಮುಗಿದ ಮೇಲೆ ನಾನು ಕೇಳಿ, ಒಟ್ಟು ಅಭಿಪ್ರಾಯವನ್ನು ಒಂದೇ ಸಾಲಿನಲ್ಲಿ ಬರೆದು ಸಭೆಯಲ್ಲಿ ಓದಬೇಕು. ಆ ಸಾಲು ನೋಡಿ ನಮ್ಮ ಅಧ್ಯಕ್ಷೆ ಸೌಭಾಗ್ಯಮ್ಮ ತಟ್ಟೆಯನ್ನು ಕಪಾಟಿಗೆ ಕಳಿಸುತ್ತಾರೆ, ಇಲ್ಲವೇ ಕುಲುಮೆಗೆ. ತಟ್ಟೆ ಮಾಡುವ ಅರಗು ದೂರದಿಂದ ಬರಬೇಕು, ಸಿಗುವುದೇ ಕಡಿಮೆ. ಬೇಡದ್ದನ್ನು ಕರಗಿಸಿಯೇ ಹೊಸದನ್ನು ಮಾಡಬೇಕು. ಕರಗಿತೆಂದರೆ ಇನ್ನೂ ಕೇಳದವರಿಗೆ ಆ ಹಾಡು ಎಂದೂ ಇಲ್ಲ.

ಒದ್ದೆ ಬೆಂಕಿಪಟ್ಟಣದವರ ಹಿಂದಿನ ಮೂರು ಆಲ್ಬಮ್‌ಗಳಲ್ಲಿ ಎರಡು ಕರಗಿದ್ದವು. ಉಳಿದ ಒಂದನ್ನು ಎಂಟು ವರ್ಷದಲ್ಲಿ ಹದಿನೇಳು ಜನ ಕೇಳಿದ್ದಾರೆ. ನಮ್ಮೂರಿನವರಿಗೆ ರಾಕ್ ಎಂದರೆ ಗದ್ದಲ. ಇವರದ್ದು ಪೂರ್ತಿ ಗದ್ದಲವೂ ಅಲ್ಲ, ಹಾಗಾಗಿ ಗದ್ದಲ ಬೇಕಾದವರೂ ಬರುವುದಿಲ್ಲ, ಬೇಡವಾದವರೂ ಬರುವುದಿಲ್ಲ. ಬ್ಯಾಂಡಿನಲ್ಲಿ ಇರುವುದೇ ಇಬ್ಬರು. ಹಾಡುವುದು ಮತ್ತು ಗಿಟಾರು ಮಂದಾಕಿನಿ, ಅವಳಿಗೆ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರು ರಿಪೇರಿ ಅಂಗಡಿ ಇದೆ. ಡ್ರಮ್ ಬಾರಿಸುವವನು ಜಬ್ಬಾರ, ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ತಗಡು ಬಡಿಯುವ ಕೆಲಸ. ಇಡೀ ಹಾಡನ್ನು ಅಭ್ಯಾಸ ಮಾಡಿದರೆ ಅಲ್ಲಿಗೇ ಖರ್ಚಾಗಿಬಿಡುತ್ತದೆ ಎಂದು ಇಬ್ಬರೂ ತುಂಡು ತುಂಡಾಗಿ, ಬೇರೆ ಬೇರೆ ಮನೆಯಲ್ಲಿ ಅಭ್ಯಾಸ ಮಾಡುತ್ತಾರೆ. ಒಟ್ಟಿಗೆ ಬಾರಿಸುವುದು ಹಾಡನ್ನು ತಟ್ಟೆಗೆ ಕೊರೆಯುವ ದಿನ ಒಂದೇ ಸಲ. ಎಲ್ಲ ಸಂಗೀತಗಾರರೂ ಹೀಗೆಯೇ.

ಕರಗಿದ ಎರಡರಲ್ಲಿ ಎರಡನೆಯದು ನನ್ನ ಸಾಲಿನಿಂದ ಕರಗಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೂರು ವರ್ಷದ ಹಿಂದೆ ಅದನ್ನು ಕೇಳಿದ ಒಬ್ಬರು “ದೂರದಿಂದ ಓಡಿ ಬಂದ ಹಾಗಾಯ್ತು” ಎಂದಿದ್ದರು. ಇನ್ನೊಬ್ಬರು “ಮನೆಗೆ ಹೋಗಿ ಮಗುವಿನ ಹಾಗೆ ಮಲಗಿದೆ” ಎಂದಿದ್ದರು. ಒಬ್ಬರು “ಅತ್ತು ಸುಸ್ತಾಯ್ತು” ಎಂದಿದ್ದರು. ನಾನು ಕೇಳಿದ ದಿನ ನನಗೆ ದವಡೆ ಹಲ್ಲು ನೋಯುತ್ತಿತ್ತು. ಒಂದು ಕೈಯಲ್ಲಿ ಕೆನ್ನೆ ಹಿಡಿದು ಕೇಳಿ, ಎಲ್ಲ ಸೇರಿಸಿ “ಈ ಹಾಡುಗಳು ಕೇಳುಗರನ್ನು ದಣಿಸುತ್ತವೆ” ಎಂದು ಬರೆದೆ. ಬರೆದಾಗ ಸರಿಯಾಗಿಯೇ ಇದೆ ಅನ್ನಿಸಿತ್ತು. ಸಭೆಯಲ್ಲಿ ಓದುವಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಮಂದಾಕಿನಿ ಎದ್ದು ಹೋದದ್ದು ಕಂಡಿತು. ಆಮೇಲೆ ಅವಳು ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮಾತಾಡದೆ ಇದ್ದದ್ದು ಪರವಾಗಿಲ್ಲ, ನಮಸ್ಕಾರವೇ ಕಷ್ಟವಾಗುತ್ತಿತ್ತು.

ಹಾಗಾಗಿ ‘ಮಹಡಿಯಿಲ್ಲದ ಮೆಟ್ಟಿಲು’ ಎಂಬ ಈ ಹೊಸ ಆಲ್ಬಮ್ ಬಂದಾಗ, ಈ ಸಲ ಒಂದಕ್ಷರವೂ ಆಚೀಚೆ ಆಗಬಾರದು ಎಂದು ನಿರ್ಧರಿಸಿದ್ದೆ. ಆದರೆ ಬಂದ ಅಭಿಪ್ರಾಯಗಳು ಆ ಮೊದಲ ಮೂರರ ಹಾಗೇ ಒಂದಕ್ಕೊಂದು ತಾಳೆಯಾಗದವು. ಇಷ್ಟವಾಯಿತು, ಆಗಲಿಲ್ಲ ಎಂದು ಜಗಳವಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಷ್ಟು ಹಾಡು ಎಂಬುದಕ್ಕೆ ಅದುವರೆಗೆ ಯಾರೂ ತಕರಾರು ಮಾಡಿರಲಿಲ್ಲ. ಮೊದಲ ತಿಂಗಳ ಕೊನೆಗೆ ಇಪ್ಪತ್ತಾರು ಅಭಿಪ್ರಾಯ ಬಂದವು. ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಪಟ್ಟಿ ಮಾಡಿದೆ. ಏಳು ಹಾಡು ಎಂದವರು ಒಂಬತ್ತು ಜನ, ಎಂಟು ಎಂದವರು ಹತ್ತು ಜನ, ಒಂದೇ ಉದ್ದದ ಹಾಡು ಎಂದವರು ನಾಲ್ವರು, ಎಣಿಸಲು ಮರೆತವರು ಮೂವರು. ಮೂರನೇ ಹಾಡಿನಲ್ಲಿ ಹೆಂಗಸು ಅಳುತ್ತಾಳೆ ಎಂದು ಆರು ಜನ, ಮೂರನೇ ಹಾಡಿನಲ್ಲಿ ಅವಳು ಕಡಲೆಕಾಯಿ ತಿನ್ನುತ್ತಾಳೆ ಎಂದು ಇಬ್ಬರು. ಸೈಕಲ್ ಶಾಪಿನ ಹೊನ್ನೂರಪ್ಪ ಮಾತ್ರ ಹಾಡಿನ ಬಗ್ಗೆ ಏನೂ ಹೇಳದೆ, “ನಾನು ನಮ್ಮಣ್ಣನ ಮನೆಗೆ ಹೋಗಿ ಬರ್ತೀನಿ” ಎಂದು ಎದ್ದು ಹೋದ. ಅಣ್ಣತಮ್ಮ ಹನ್ನೊಂದು ವರ್ಷದಿಂದ ಮಾತು ಬಿಟ್ಟವರು. ಅದನ್ನು ಯಾವ ಕಲಮಿನಲ್ಲಿ ಹಾಕುವುದು? ನಾಲ್ಕು ದಿನ ನೋಡಿ ಆ ಹಾಳೆ ಹರಿದು ಹಾಕಿದೆ.

ನನ್ನ ಹೆಂಡತಿ ಪ್ರಭಾವತಿಯೂ ಕೇಳಿ ಬಂದಳು. ಅಭಿಪ್ರಾಯ ಬರೆಸಲಿಲ್ಲ. ಮನೆಗೆ ಹೋದಾಗ ಸಾರಿಗೆ ಉಪ್ಪೇ ಹಾಕಿರಲಿಲ್ಲ. “ಹೇಗಿತ್ತು?” ಎಂದೆ. “ನೀವು ಕೇಳಬೇಡಿ” ಎಂದಳು. ಆಮೇಲೆ ಊಟದ ತಟ್ಟೆಗೆ ಉಪ್ಪು ಬಡಿಸುತ್ತಾ, “ಕೇಳಿ. ಆದರೆ ನನ್ನ ಜೊತೆ ಅದರ ಮಾತು ಆಡಬೇಡಿ” ಎಂದಳು. ಅವಳಿಗೆ ಕೋಪವೋ ದುಃಖವೋ ನನಗೆ ತಿಳಿಯಲಿಲ್ಲ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವನಿಗೆ ಅಷ್ಟೂ ತಿಳಿಯಲಿಲ್ಲವಲ್ಲ ಎಂಬುದು ಬೇರೆ ಗೊಂದಲ.

ತಟ್ಟೆಯೇ ಎಲ್ಲೋ ಕೆಟ್ಟಿದೆ ಎಂದು ನನಗೆ ಅನುಮಾನ ಬಂತು. ಒಂದು ದಿನ ಮಧ್ಯಾಹ್ನ ಊಟ ಬಿಟ್ಟು ಗ್ಯಾರೇಜಿಗೆ ಹೋಗಿ ಜಬ್ಬಾರನನ್ನು ಕಂಡೆ. ಲಾರಿಯ ಕೆಳಗಿನಿಂದ ಹೊರಗೆ ಬಂದು, ನನ್ನನ್ನು ನೋಡಿ, ಕೈ ಒರೆಸಿಕೊಂಡ. “ಗುಮಾಸ್ತರು ಇಲ್ಲಿವರೆಗೆ ಬಂದ್ರಾ? ಕರಗಿಸೋದು ಇಷ್ಟು ಬೇಗ ತೀರ್ಮಾನ ಆಯ್ತಾ?” ಎಂದ.

“ಇಲ್ಲಪ್ಪ. ಒಂದು ವಿಷಯ ಕೇಳಬೇಕಿತ್ತು. ಅದರಲ್ಲಿ ಎಷ್ಟು ಹಾಡಿವೆ?”

ಜಬ್ಬಾರ ಬೆರಳು ಮಡಿಸಿ ಎಣಿಸಿದ. “ನನ್ನ ಲೆಕ್ಕಕ್ಕೆ ಆರು. ಆದರೆ ನನ್ನ ಮಾತು ನಂಬಬೇಡಿ. ಬಾರಿಸೋವಾಗ ನನಗೆ ನನ್ನ ಕೈ ಮಾತ್ರ ಕೇಳಿಸುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಅವಳ ಭುಜ ನೋಡ್ಕೊಂಡು ತಿಳ್ಕೋತೀನಿ. ಅವತ್ತು ಅವಳ ಭುಜ ಎಲ್ಲೂ ನಿಲ್ಲಲೇ ಇಲ್ಲ.”

“ಹಾಗಾದರೆ ಚೆನ್ನಾಗಿ ಬಂದಿದೆಯೋ ಇಲ್ಲವೋ ನಿನಗೂ ಗೊತ್ತಿಲ್ಲ.”

“ಅದು ಹೇಳೋಕೇ ಅಲ್ವಾ ನೀವಿರೋದು” ಎಂದ ಜಬ್ಬಾರ. ಅದರಲ್ಲಿ ವ್ಯಂಗ್ಯವಿರಲಿಲ್ಲ, ಅದಕ್ಕೇ ನಾಟಿತು. ನಾನು ಹೊರಟಾಗ ಗೇಟಿನವರೆಗೆ ಜೊತೆಗೆ ಬಂದ. “ಇದೂ ಕರಗಿದರೆ ಮಂದಾಕಿನಿ ಗಿಟಾರಿನ ತಂತಿ ಬಿಚ್ಚಿಡ್ತಾಳಂತೆ. ನನಗೆ ಹೇಳಿದ್ದಾಳೆ. ನನಗೇನು, ತಗಡು ಬಡಿದರೂ ಅದೇ ಕೈ. ಅವಳಿಗೆ ಹಾಗಲ್ಲ. ನೀವು ಒಂದು ಸಲ ಹೋಗಿ ಮಾತಾಡಿ.”

ಹೋಗಲು ನನಗೆ ಇನ್ನೂ ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ಅಭಿಪ್ರಾಯಗಳು ಮೂವತ್ತೆಂಟಾದವು, ಗೊಂದಲವೂ ಅಷ್ಟೇ ಬೆಳೆಯಿತು. ಸಕೀನಾಬಿ ಮತ್ತೆ ಬಂದು, ತಾನು ನಕ್ಕಿದ್ದೆ ಎಂದು ಬರೆಸಿದ್ದು ಸುಳ್ಳಲ್ಲ, ಆದರೆ ಈಗ ಬಸ್ಸು ಕಂಡರೆ ಎದೆ ಹಿಂಡುತ್ತದೆ, ಅದನ್ನೂ ಸೇರಿಸಿ ಎಂದರು. ಹಲ್ಲಿನ ಡಾಕ್ಟರು ಬಂದು, ಮಾತೇ ಇಲ್ಲ ಎಂದಿದ್ದೆನಲ್ಲ, ಇವತ್ತು ಬೆಳಿಗ್ಗೆ ಒಬ್ಬ ರೋಗಿಯ ಬಾಯಿ ತೆರೆಸಿದಾಗ ಒಂದು ಸಾಲು ನೆನಪಾಯಿತು, ಈಗ ಮತ್ತೆ ಮರೆತೆ ಎಂದರು. ಸೌಭಾಗ್ಯಮ್ಮ ನನ್ನ ಮೇಜಿನ ಹತ್ತಿರ ಬಂದು ಹಾಳೆಗಳನ್ನು ತಿರುವಿ ನೋಡಿದರು. ಅವರು ಗಣಿತದ ಟೀಚರಾಗಿ ನಿವೃತ್ತಿಯಾದವರು, ಕೆಟ್ಟವರಲ್ಲ. “ನನಗೆ ಕಡೆಗೆ ಒಂದು ಸಾಲು ಬೇಕು ರುದ್ರಮುನಿ. ಇದರಲ್ಲಿ ಎಲ್ಲಿದೆ ಸಾಲು?” ಎಂದರು. ಹುಡುಕುತ್ತಿದ್ದೇನೆ ಎಂದೆ.

ಮಂದಾಕಿನಿಯ ಅಂಗಡಿ ಎಂದರೆ ಒಂದು ಷಟರು, ಒಳಗೆ ಒಂದು ಉದ್ದನೆಯ ಬೆಂಚು, ಸುತ್ತ ಹೊಟ್ಟೆ ಬಿಚ್ಚಿದ ಮೋಟಾರುಗಳು, ಫ್ಯಾನುಗಳು. ನಾನು ಹೋದಾಗ ಅವಳು ಒಂದು ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಬಾಯಲ್ಲಿ ಸುತ್ತು ಎಣಿಸುತ್ತಿದ್ದುದರಿಂದ ಮಾತಾಡದೆ ಸ್ಟೂಲು ತೋರಿಸಿದಳು. ಸುತ್ತು ಮುಗಿದು, ತಂತಿಯ ತುದಿ ಕಟ್ಟಿದ ಮೇಲೆ ತಲೆ ಎತ್ತಿ, “ನಮಸ್ಕಾರ” ಎಂದಳು.

“ಮೊದಲು ಹಳೇದನ್ನು ಹೇಳಿಬಿಡ್ತೀನಿ” ಎಂದೆ. “ಆ ಸಾಲು ನಾನು ಹಲ್ಲುನೋವಿನಲ್ಲಿ ಬರೆದದ್ದು. ಜನ ಹಾಗೆ ಹೇಳಿರಲಿಲ್ಲ. ದಣಿವು ಅಂದಿದ್ದರು, ಆದರೆ ಅದು ಬೇರೆ ದಣಿವು.”

ಅವಳು ಉಳಿದ ತಂತಿಯನ್ನು ಕತ್ತರಿಸಿದಳು. ಕತ್ತರಿಯನ್ನು ಅದರ ಜಾಗದಲ್ಲಿ ಇಟ್ಟಳು. “ಮೂರು ವರ್ಷ ನಾನು ಅದು ನಿಜ ಅಂದ್ಕೊಂಡಿದ್ದೆ” ಎಂದಳು. “ನನ್ನ ಹಾಡು ದಣಿಸುತ್ತೆ ಅಂದ್ಕೊಂಡೇ ಇದನ್ನ ಮಾಡಿದ್ದು. ದಣಿಸಬಾರದು ಅಂತ. ಈಗ ಹಲ್ಲುನೋವು ಅಂತೀರಿ.”

“ತಪ್ಪಾಯ್ತು.”

“ತಪ್ಪೇನೋ ಸರಿ. ಆದರೆ ಅದಿಲ್ಲದಿದ್ದರೆ ಇದು ಹೇಗಿರ್ತಿತ್ತು ಅಂತ ಯೋಚಿಸ್ತಿದ್ದೀನಿ.” ಅವಳು ನಕ್ಕಳೋ ಇಲ್ಲವೋ ಸರಿಯಾಗಿ ಕಾಣಲಿಲ್ಲ. “ಅದಿರಲಿ. ಬಂದದ್ದು ಯಾಕೆ?”

ಎಷ್ಟು ಹಾಡು ಎಂದು ಕೇಳಿದೆ. ಬರೆದಾಗ ಒಂಬತ್ತಿತ್ತು ಎಂದಳು. ಮೂರನೇ ಹಾಡಿನಲ್ಲಿ ಏನಿದೆ ಎಂದು ಕೇಳಿದೆ. ಬರೆದದ್ದು ಒಂದು, ಅವತ್ತು ಬಾಯಿಗೆ ಬಂದದ್ದು ಏನೋ ಗೊತ್ತಿಲ್ಲ ಎಂದಳು. ನನಗೆ ಅರ್ಥವಾಗಲಿಲ್ಲ. ಆಗ ಅವಳು ತಂತಿಯ ಉರುಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದಳು: “ನೋಡಿ ಸಾರ್, ಯಾರಿಗೂ ಹೇಳಿಲ್ಲ, ಜಬ್ಬಾರನಿಗೂ ಹೇಳಿಲ್ಲ. ತಟ್ಟೆ ಕೊರೆಯೋ ದಿನ ನನಗೆ ಭಯ ಹತ್ತಿತು. ಇದೂ ಕರಗುತ್ತೆ ಅಂತ. ಶುರು ಮಾಡಿದೆ, ಕಿವಿಯಲ್ಲಿ ರಕ್ತ ಹೊಡ್ಕೊಳ್ಳೋ ಸದ್ದು, ಅಷ್ಟೇ. ಬೆರಳು ಓಡ್ತಾ ಇತ್ತು, ಬಾಯಿ ಆಡ್ತಾ ಇತ್ತು. ಹಾಳೆ ಮುಂದೇನೇ ಇತ್ತು, ಅದನ್ನ ನೋಡಿದ ನೆನಪಿಲ್ಲ. ಮುಗಿದಾಗ ಜಬ್ಬಾರ ಬೆನ್ನು ತಟ್ಟಿದ, ಆಗ ಎಚ್ಚರ ಆಯ್ತು. ಮಾರನೇ ದಿನ ಬಂದು ನಿಮ್ಮ ಕೋಣೆಯಲ್ಲಿ ಕೂತು ತಟ್ಟೆ ಹಾಕ್ಕೊಂಡೆ. ಬರೀ ಸೂಜಿ ಸದ್ದು. ಅಂದರೆ ಲೆಕ್ಕಕ್ಕೆ ನಾನು ಕೇಳಿಯಾಗಿದೆ. ನನಗೆ ಮಾತ್ರ ಕೇಳಿಸಲಿಲ್ಲ.”

ಹೊರಗೆ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು, ಕಂಡಕ್ಟರ್ ತಗಡು ಬಡಿಯುತ್ತಿದ್ದ. ಅದು ನಿಂತಿತು. ಆಮೇಲೆ ಅವಳೇ, “ಮೂವತ್ತೆಂಟು ಜನ ಕೇಳಿದ್ದಾರಂತೆ. ನೀವು ಮೂವತ್ತೆಂಟೂ ಬರ್ಕೊಂಡಿದ್ದೀರಿ. ನಾನೇನು ಮಾಡಿದ್ದೀನಿ ಅಂತ ನನಗಿಂತ ನಿಮಗೇ ಜಾಸ್ತಿ ಗೊತ್ತು. ಓದಿ” ಎಂದಳು.

ಸಭೆಗೆ ಮುಂಚೆ ಅಭಿಪ್ರಾಯಗಳನ್ನು ಹೊರಗಿನವರಿಗೆ ಓದಿ ಹೇಳುವಂತಿಲ್ಲ. ಚೀಲದಲ್ಲಿದ್ದವು, ತೆಗೆದು ಓದಿದೆ. ಬಾಗಿಲಲ್ಲಿ ನಿಲ್ಲಿಸಿಕೊಂಡ ಹೆಂಗಸು, ಬಸ್ಸಿನ ಟಿಕೆಟ್ಟು, ಉಸಿರಾಟ, ಅಳು, ಕಡಲೆಕಾಯಿ, ಹೊನ್ನೂರಪ್ಪನ ಅಣ್ಣ, ಎಲ್ಲ. ಅವಳು ಪ್ರತಿಯೊಂದನ್ನೂ ತಲೆ ಬಾಗಿಸಿ ಕೇಳಿದಳು, ಡಾಕ್ಟರ ಎದುರು ಕೂತು ತನ್ನ ರೋಗದ ವರದಿ ಕೇಳುವವರ ಹಾಗೆ. ಮುಗಿದ ಮೇಲೆ, “ಇದರಲ್ಲಿ ಯಾವುದೂ ನಾನು ಬರೆದದ್ದಲ್ಲ” ಎಂದಳು. ಆಮೇಲೆ, “ಕಡಲೆಕಾಯಿ ಒಂದು ಬಿಟ್ಟು. ಅದು ಇತ್ತು” ಎಂದಳು. ಮತ್ತೆ ಯೋಚಿಸಿ, “ಇತ್ತು ಅನ್ನಿಸುತ್ತೆ” ಎಂದಳು.

ಎದ್ದು ಹೊರಡುವಾಗ ಅವಳು ಇನ್ನೊಂದು ಮಾತು ಕೇಳಿದಳು. ನಾನು ಕೇಳುವ ದಿನ ತಾನೂ ಕೋಣೆಯಲ್ಲಿ ಕೂರಬಹುದೇ ಎಂದು. “ನಿನಗೆ ಕೇಳಿಸೋದಿಲ್ಲವಲ್ಲ” ಎಂದೆ. “ನಿಮ್ಮ ಮುಖ ಕಾಣಿಸುತ್ತಲ್ಲ” ಎಂದಳು.

ಅಭಿಪ್ರಾಯ ಕೊಡುವ ಗಡುವು ಮುಗಿದ ಮಾರನೇ ದಿನ, ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ನಾವಿಬ್ಬರೂ ಕೋಣೆಗೆ ಹೋದೆವು. ಒಟ್ಟು ನಲವತ್ತೊಂದು ಅಭಿಪ್ರಾಯ ಬಂದಿದ್ದವು. ನನ್ನ ಹಲ್ಲು ಸರಿಯಾಗಿತ್ತು, ಹಿಂದಿನ ದಿನವೇ ಅರವಿಂದಾಕ್ಷರ ಹತ್ತಿರ ಹೋಗಿ ನೋಡಿಸಿಕೊಂಡು ಬಂದಿದ್ದೆ. ಹೊಟ್ಟೆ ತುಂಬ ತಿಂಡಿ ತಿಂದಿರಲಿಲ್ಲ, ಹಸಿವೂ ಇಟ್ಟುಕೊಂಡಿರಲಿಲ್ಲ. ಹೊಸ ಹಾಳೆ, ಎರಡು ಪೆನ್ನು. ಅವಳು ಎದುರಿನ ಕುರ್ಚಿಯಲ್ಲಿ ಮಂಡಿಯ ಮೇಲೆ ಕೈಯಿಟ್ಟು ಕೂತಳು. ನಾನು ಸೂಜಿ ಇಳಿಸಿದೆ.

ಮೊದಲು ಡ್ರಮ್. ಅದು ನನಗೆ ಚೆನ್ನಾಗಿ ನೆನಪಿದೆ, ಯಾರೋ ಒಳಗಿನಿಂದ ಬಾಗಿಲು ತಟ್ಟುವ ಹಾಗೆ. ಆಮೇಲೆ ಗಿಟಾರು. ಆಮೇಲೆ ಅವಳ ಧ್ವನಿ, ಆದರೆ ಎಲ್ಲಿ ಶುರುವಾಯಿತು ಎಂದು ಹೇಳಲಾರೆ. ಮೊದಲಿನಿಂದಲೇ ಇತ್ತೇನೋ ಅನ್ನುವ ಹಾಗಿತ್ತು. ‘ಒಂದು’ ಎಂದು ಹಾಳೆಯ ಮೇಲೆ ಬರೆದೆ. ‘ಎರಡು’ ಎಂದೂ ಬರೆದ ನೆನಪು. ಆಮೇಲೆ ಬರೆದಿಲ್ಲ. ಮಾತುಗಳಿದ್ದವು. ಬಾಗಿಲೂ ಇತ್ತು, ಬಸ್ಸೂ ಇತ್ತು ಅನ್ನಿಸುತ್ತದೆ, ಆದರೆ ನಾನು ನಲವತ್ತೊಂದು ಜನರ ಮಾತು ತುಂಬಿಕೊಂಡು ಕೂತವನು, ಯಾವುದು ತಟ್ಟೆಯದು, ಯಾವುದು ನನ್ನದು? ಒಂದು ಕಡೆ ಯಾರೂ ಅಳಲಿಲ್ಲ, ಆದರೂ ಅತ್ತು ಮುಗಿಸಿದ ಮೇಲಿನ ಮೌನ ಇತ್ತು. ಕೊನೆಯಲ್ಲಿ ಒಂದು ರಾಗ ಏರುತ್ತಾ ಹೋಯಿತು, ಮೇಲೆ ಏನೋ ಇದೆ ಎಂದು ನಾನೂ ಅದರ ಜೊತೆ ಕತ್ತು ಎತ್ತಿದೆ, ಅಲ್ಲಿ ಅದು ನಿಂತುಬಿಟ್ಟಿತು. ಸೂಜಿ ಸರಸರ ಎನ್ನತೊಡಗಿತು. ಗಡಿಯಾರ ನೋಡಿದರೆ ನಲವತ್ತು ನಿಮಿಷವಾಗಿತ್ತು. ಇಡೀ ಹೊತ್ತು ಅವಳು ನನ್ನ ಮುಖದಿಂದ ಕಣ್ಣು ಕಿತ್ತಿರಲಿಲ್ಲ. ಮುಖ ಗಟ್ಟಿಯಾಗಿ ಇಟ್ಟುಕೊಳ್ಳಬೇಕು, ಗುಮಾಸ್ತನಿಗೆ ಅದು ಶೋಭೆ ಎಂದು ಮೊದಲು ಅಂದುಕೊಂಡಿದ್ದೆ. ಯಾವಾಗ ಬಿಟ್ಟುಕೊಟ್ಟೆನೋ ತಿಳಿಯದು.

“ಎಷ್ಟು?” ಎಂದಳು.

“ಗೊತ್ತಾಗಲಿಲ್ಲ.”

“ಚೆನ್ನಾಗಿದೆಯಾ?”

ಬಾಯಿ ತೆರೆದೆ. ಹತ್ತೊಂಬತ್ತು ವರ್ಷ ಬೇರೆಯವರ ಬಾಯಿಂದ ಇದಕ್ಕೇ ಉತ್ತರ ಹೊರಡಿಸಿದವನು ನಾನು. “ತಿಳೀತಿಲ್ಲಮ್ಮ” ಎಂದೆ. ಅವಳು ತಲೆಯಾಡಿಸಿದಳು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಎದ್ದು, “ನಿಮ್ಮ ಮುಖ ನಡುವೆ ಒಂದು ಸಲ ಚಿಕ್ಕ ಹುಡುಗನ ಥರ ಆಯ್ತು. ಅಲ್ಲಿ ಏನಿತ್ತೋ” ಎಂದು ಹೇಳಿ ಹೋದಳು. ಅಲ್ಲಿ ಏನಿತ್ತೆಂದು ಯೋಚಿಸುತ್ತಾ ಊಟದ ಹೊತ್ತಿನವರೆಗೆ ಅಲ್ಲೇ ಕೂತಿದ್ದೆ.

ಸಭೆ ಭಾನುವಾರ. ಸಾಮಾನ್ಯವಾಗಿ ಇಪ್ಪತ್ತು ಜನ ಬರುತ್ತಾರೆ, ಅವತ್ತು ಕುರ್ಚಿ ಸಾಲಲಿಲ್ಲ. ಕೇಳಿದವರೆಲ್ಲ ಬಂದಿದ್ದರು. ತಮ್ಮದೇ ಸರಿ ಎಂದು ನನ್ನ ಬಾಯಿಂದ ಹೇಳಿಸಬೇಕಿತ್ತು ಅವರಿಗೆ. ಮೂರು ದಿನ ನಾನು ಒಂದು ಸಾಲಿಗಾಗಿ ಒದ್ದಾಡಿದ್ದೆ. ‘ಚೆನ್ನಾಗಿದೆ’ ಎಂದು ಬರೆದರೆ ತಟ್ಟೆ ಉಳಿಯುತ್ತಿತ್ತು, ಮುಗಿಯುತ್ತಿತ್ತು. ಬರೆದೂ ನೋಡಿದೆ. ಆ ಹಲ್ಲುನೋವಿನ ಸಾಲಿನಷ್ಟೇ ಸುಳ್ಳಾಗಿ ಕಂಡಿತು. ಸೌಭಾಗ್ಯಮ್ಮ ನನ್ನ ಹೆಸರು ಕರೆದಾಗ ಎದ್ದು ನಿಂತು ಓದಿದೆ: “ಇದನ್ನು ಕೇಳಿದ ನಲವತ್ತೊಂದು ಜನರಿಗೆ ನಲವತ್ತೊಂದು ಥರ ಕೇಳಿಸಿದೆ, ಇದು ಏನೆಂದು ಗುಮಾಸ್ತನಿಗೂ ತಿಳಿಯಲಿಲ್ಲ.”

ಯಾರೋ ನಕ್ಕರು. ಪೋಸ್ಟ್ ಮಾಸ್ಟರು ಎದ್ದು, ಬಾಗಿಲಿನ ವಿಷಯ ಬಿಟ್ಟುಹೋಗಿದೆ ಎಂದರು. ಬಾಗಿಲೆಲ್ಲಿತ್ತು ಎಂದು ಸಕೀನಾಬಿ ಕೂತಲ್ಲಿಂದಲೇ ಕೇಳಿದರು. ಹೊನ್ನೂರಪ್ಪನ ಪಕ್ಕದಲ್ಲಿ ಅವನಂತೆಯೇ ಕಾಣುವ, ಸ್ವಲ್ಪ ಬೋಳಾದ ಇನ್ನೊಬ್ಬರು ಕೂತು, ತಾನಿನ್ನೂ ಕೇಳಿಲ್ಲ, ಕೇಳುವ ಮೊದಲೇ ಕರಗಿಸುತ್ತೀರಾ ಎಂದರು. ಹಾಗೆಯೇ ಕೇಳಿರದ ಇನ್ನೂ ಎಂಟು ಹತ್ತು ಜನ ಬಾಗಿಲ ಹತ್ತಿರ ನಿಂತಿದ್ದರು. ಸೌಭಾಗ್ಯಮ್ಮ ಮೇಜು ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು. “ಗುಮಾಸ್ತರ ಸಾಲು ಸಾಲೇ ಅಲ್ಲ” ಎಂದರು. “ಉತ್ತರ ಬರದ ಲೆಕ್ಕವನ್ನು ತಪ್ಪು ಅಂತ ಹೊಡೆದು ಹಾಕೋಕೆ ಬರೋದಿಲ್ಲ. ತಟ್ಟೆ ಸದ್ಯಕ್ಕೆ ಕಪಾಟಿನಲ್ಲಿರಲಿ. ಉತ್ತರ ಸಿಗೋವರೆಗೆ. ಆದರೆ ಉತ್ತರ ಬರೆಯೋಕೆ ಬೇರೆ ಗುಮಾಸ್ತರು ಬೇಕು.” ಅವರು ನನ್ನನ್ನು ನೋಡಿದರು, ನಾನು ತಲೆಯಾಡಿಸಿದೆ. ಮರುದಿನದಿಂದ ನನ್ನ ಕೆಲಸ ಬಾಗಿಲಲ್ಲಿ ಜನರ ಚಪ್ಪಲಿ ಸಾಲಾಗಿಡಿಸುವುದು, ಒಳಗೆ ಸದ್ದಾಗದಂತೆ ನೋಡಿಕೊಳ್ಳುವುದು. ಮನೆಯಲ್ಲಿ ಹೇಳಿದಾಗ ಪ್ರಭಾವತಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಪಕ್ಕದಲ್ಲಿ ಬಂದು ಕೂತು ಬಟಾಣಿ ಸುಲಿದಳು.

ಸಭೆಗೆ ಮಂದಾಕಿನಿ ಬಂದಿರಲಿಲ್ಲ. ಬುಧವಾರ ನನ್ನ ರಜೆ, ಅಂಗಡಿಗೆ ಹೋದೆ. ಜಬ್ಬಾರ ಎಲ್ಲ ಹೇಳಿದ್ದ. ಅವಳು ಸ್ಟೂಲು ಮುಂದಕ್ಕೆ ದೂಡಿ, “ನನ್ನಿಂದ ನಿಮ್ಮ ಮೇಜು ಹೋಯ್ತು” ಎಂದಳು.

“ಮೇಜಿನ ಕಾಲು ಹೇಗೂ ಅಲ್ಲಾಡ್ತಿತ್ತು” ಎಂದೆ.

ಅವಳು ಚಹಾ ತರಿಸಿದಳು. ಕುಡಿದು ಮುಗಿಯುವವರೆಗೆ ಮೋಟಾರುಗಳ ಮಾತಾಡಿದಳು. ಲೋಟ ಕೆಳಗಿಟ್ಟು, ನನ್ನ ಕಡೆ ನೋಡದೆ, “ಆ ಕೊನೇದು, ನೀವು ಅವತ್ತು ಕತ್ತು ಎತ್ತಿದ್ರಲ್ಲ. ಅದು ಹೇಗಿದೆ, ಸ್ವಲ್ಪ ಗುನುಗಿ ತೋರಿಸ್ತೀರಾ?” ಎಂದಳು.

“ಗುನುಗಿದರೆ ನಿನಗೆ ಕೇಳಿಸೋದಿಲ್ಲ.”

“ಗೊತ್ತು. ಆದರೂ.”

ನನಗೆ ಹಾಡಲು ಬರುವುದಿಲ್ಲ. ಗಂಟಲು ಸರಿಮಾಡಿಕೊಂಡು, ನೆನಪಿದ್ದಷ್ಟು ಗುನುಗತೊಡಗಿದೆ. ಅವಳು ನನ್ನ ತುಟಿ ನೋಡುತ್ತಾ ಕೂತಿದ್ದಳು. ಏನೂ ಕೇಳಿಸುತ್ತಿಲ್ಲ ಎಂದು ಮುಖದಲ್ಲೇ ತಿಳಿಯುತ್ತಿತ್ತು. ಆದರೂ ಬಿಡದೆ, ರಾಗ ಏರುವಲ್ಲಿ ನಾನೂ ಏರಿಸಿದೆ, ಉಸಿರು ಸಾಲಲಿಲ್ಲ, ಎಲ್ಲೋ ಜಾರಿದೆ. ಅವಳು ತಟ್ಟನೆ ಕೈ ಎತ್ತಿದಳು.

“ಈಗ ಕೇಳಿಸ್ತು” ಎಂದಳು.

“ಏನು?”

“ಈಗ ಹೇಳಿದ್ರಲ್ಲ, ಆ ಕೆಳಗೆ ಬಿದ್ದದ್ದು. ಅಷ್ಟು ಕೇಳಿಸ್ತು.” ಅವಳ ಹುಬ್ಬು ಗಂಟಾಗಿತ್ತು. “ಅಂದರೆ ಅದು ನನ್ನದಲ್ಲ. ನೀವು ತಪ್ಪಿದ್ದು.”

ಕ್ಷಮಿಸು ಎಂದೆ, ಮತ್ತೆ ಮೊದಲಿನಿಂದ ಸರಿಯಾಗಿ ಹೇಳುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಎದ್ದು ಬೆಂಚಿನ ಹಿಂದಿನಿಂದ ಗಿಟಾರು ತಂದಳು. ತಂತಿಗಳನ್ನು ಬಿಚ್ಚಿರಲಿಲ್ಲ. ಬೆರಳಿನ ಗ್ರೀಸನ್ನು ಸೆರಗಿಗೆ ಒರೆಸಿಕೊಂಡು, ನಾನು ಜಾರಿದ ಆ ಎರಡು ಸ್ವರವನ್ನು ಹುಡುಕಿದಳು. ಮೊದಲು ಸಿಗಲಿಲ್ಲ, ಆಮೇಲೆ ಸಿಕ್ಕಿತೇನೋ, ಬೆರಳು ಅಲ್ಲೇ ನಿಂತಿತು.

“ಸರಿಯಾಗಿ ಹೇಳೋಕೆ ಹೋಗಬೇಡಿ” ಎಂದಳು. “ಅದು ನನಗೆ ಹೇಗೂ ಸಿಗೋದಿಲ್ಲ. ಇನ್ನೊಂದು ಕಡೆ ತಪ್ಪಿ.”

ಬೇಕೆಂದು ತಪ್ಪುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು, ಆ ಗುರುವಾರದ ಕೋಣೆಯನ್ನು ನೆನೆದು, ಇದ್ದದ್ದು ಇದ್ದ ಹಾಗೇ ಬರಲಿ ಎಂದು ಗುನುಗಿದೆ. ನಾವೇ ಗುನುಗುವುದು ಗಂಟಲಲ್ಲಿ ತಿಳಿಯುತ್ತದೆ, ಕಿವಿಯಲ್ಲಲ್ಲ; ಎಲ್ಲಿ ಸರಿ ಇದ್ದೆ, ಎಲ್ಲಿ ತಪ್ಪಿದೆ, ನನಗೆ ಎರಡೂ ಒಂದೇ. ನಡುನಡುವೆ ಗಿಟಾರಿನ ಒಂದೆರಡು ತಂತಿ ಮಿಡಿದದ್ದು ಕೇಳಿಸುತ್ತಿತ್ತು. ಅದು ಕೇಳಿಸಿದಾಗಲೆಲ್ಲ, ಎಲ್ಲೋ ತಪ್ಪಿದ್ದೇನೆ ಎಂದುಕೊಂಡು ಮುಂದುವರಿಸಿದೆ.